ಕಥಾನಾಯಕ ನಿಜಕ್ಕೂ ನಾಯಕನಾಗುವುದು ಯಾವಾಗ?

ಪ್ರಶ್ನೆ: ಮುಖ್ಯ ಪಾತ್ರಕ್ಕೆ ಧೈರ್ಯ, ಶಕ್ತಿ, ಒಳ್ಳೆಯತನ ಎಲ್ಲ ಕೊಟ್ಟರೂ ಓದುಗರಿಗೆ ಅವನು ನಾಯಕ ಅನ್ನಿಸುವುದೇ ಇಲ್ಲ. ಎಲ್ಲಿ ಎಡವುತ್ತಿದೆ?

ಉತ್ತರ 1: ಗುಣ ಎಷ್ಟು ಪೇರಿಸಿದರೂ ಸಾಲದು. ಅವನು ಏನನ್ನು ಆರಿಸಿಕೊಂಡ, ಅದಕ್ಕೆ ಏನು ತೆತ್ತ ಅನ್ನುವುದೇ ಮುಖ್ಯ. ಈಜು ಬಲ್ಲವನು ಮುಳುಗುವವರನ್ನು ದಡಕ್ಕೆಳೆದರೆ ಅದು ಸಾಹಸ, ಅಷ್ಟೆ. ದೋಣಿಯಲ್ಲಿ ಒಂದೇ ಜಾಗವಿದ್ದಾಗ, ತನ್ನ ಮನೆ ಸುಟ್ಟವನನ್ನೇ ಹತ್ತಿಸಿ ತಾನು ನೀರಿಗಿಳಿದರೆ ಓದುಗನ ಉಸಿರು ಬಿಗಿಯಾಗುತ್ತದೆ. ಸುಮ್ಮನೆ ಹುಟ್ಟು ಹಾಕಿಕೊಂಡು ಹೋಗುವ ದಾರಿಯೂ ಅವನಿಗೆ ತೆರೆದಿರಬೇಕು. ಬೇರೆ ಗತಿಯಿಲ್ಲದೆ ಮಾಡಿದ್ದು ತ್ಯಾಗವಲ್ಲ. ಕೊನೆಯ ಅಧ್ಯಾಯದಲ್ಲಿ ಕಳೆದುಕೊಂಡದ್ದನ್ನೆಲ್ಲ ವಾಪಸು ಕೊಟ್ಟುಬಿಟ್ಟರಂತೂ ತೆತ್ತ ಬೆಲೆಯೇ ಸುಳ್ಳಾಗುತ್ತದೆ.

ಉತ್ತರ 2: ಒಪ್ಪಿದೆ, ಆದರೆ ದೋಷವೂ ಬೇಕು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಹೇಳುವ ದುರಂತ ನಾಯಕ ಪೂರ್ತಿ ಸಜ್ಜನನೂ ಅಲ್ಲ, ದುಷ್ಟನೂ ಅಲ್ಲ; ತನ್ನದೇ ಪ್ರಮಾದದಿಂದ ಬೀಳುವವನು. ಮುಂಗೋಪಿ ಅಂತ ಬರೆದು, ಆ ಕೋಪದಿಂದ ಯಾರಿಗೂ ನಷ್ಟವಾಗದಿದ್ದರೆ ಅದು ಬರೀ ಅಲಂಕಾರ.

ಉತ್ತರ 3: ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಸಂಸ್ಕೃತ ಕಾವ್ಯಶಾಸ್ತ್ರದಲ್ಲೇ ನಾಯಕರಲ್ಲಿ ಧೀರೋದಾತ್ತ (ಗಂಭೀರ, ಉದಾತ್ತ), ಧೀರಲಲಿತ (ಕಲಾಪ್ರಿಯ, ನಿಶ್ಚಿಂತ), ಧೀರಶಾಂತ (ಶಾಂತ ಸ್ವಭಾವದವ), ಧೀರೋದ್ಧತ (ಗರ್ವಿಷ್ಠ, ಮುಂಗೋಪಿ) ಎಂದು 4 ಬಗೆಯಿವೆ. ನಿಮ್ಮವನು ಯಾವ ಬಗೆಯವನಾದರೂ ಒಂದು ಪರೀಕ್ಷೆ ಮಾಡಿ: ನಿರ್ಣಾಯಕ ದೃಶ್ಯದಲ್ಲಿ ಅವನ ಬದಲು ಬೇರೆಯವರನ್ನು ನಿಲ್ಲಿಸಿ ಓದಿ. ಕಥೆ ಹಾಗೇ ಸಾಗಿದರೆ ಆ ದೃಶ್ಯವನ್ನು ಮತ್ತೆ ಬರೆಯಲೇಬೇಕು.