ಡಿಸ್ಪೇಸ್‌ಗೆ ಹಾಕಿದ ಕನ್ನಡ ಲೇಖನ ಹುಡುಕಿದರೆ ಸಿಗುವುದಿಲ್ಲ, ಇಂಗ್ಲಿಷಿನದ್ದು ಸಿಗುತ್ತದೆ

ಲೈಬ್ರರಿ ಅಕ್ಕ, ಉಡುಪಿ

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಅಧ್ಯಾಪಕರು ತಮ್ಮ ಸಂಶೋಧನಾ ಲೇಖನಗಳನ್ನು ತಾವೇ ತಂದು ಹಾಕಲಿ, ಯಾರು ಬೇಕಾದರೂ ದುಡ್ಡು ಕೊಡದೆ ಓದಲಿ ಅಂತ ಡಿಸ್ಪೇಸ್ 7 ಎಂಬ ತಂತ್ರಾಂಶದಲ್ಲಿ ಒಂದು ರೆಪಾಸಿಟರಿ (ಲೇಖನಗಳ ಆನ್‌ಲೈನ್ ಸಂಗ್ರಹ) ಶುರು ಮಾಡಿದ್ದೇವೆ. ಇಂಗ್ಲಿಷ್ ಲೇಖನಗಳಿಗೆ ತೊಂದರೆ ಇಲ್ಲ. ಒಳಗಿನ ಯಾವ ಪದ ಕೊಟ್ಟರೂ ಬರುತ್ತವೆ.

ಕನ್ನಡದ್ದೇ ಸಮಸ್ಯೆ. ನಾಗಾರಾಧನೆ ಬಗ್ಗೆ ನಮ್ಮ ಕನ್ನಡ ವಿಭಾಗದ ಮೇಡಂ ಬರೆದ ಒಳ್ಳೆಯ ಲೇಖನ ಒಂದು ಉಂಟು. ಶೀರ್ಷಿಕೆಯ ಪದ ಕೊಟ್ಟರೆ ಸಿಗುತ್ತದೆ. ಒಳಗೆ ಎಷ್ಟೋ ಸಲ ಬಂದಿರುವ ‘ತಂಬಿಲ’, ‘ಆಶ್ಲೇಷ’ ಅಂತ ಕೊಟ್ಟರೆ ಏನೂ ಬರುವುದಿಲ್ಲ. ಪಿಡಿಎಫ್ ತೆರೆದರೆ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಫೈಲ್ ಒಳಗಿನ ಪಠ್ಯ ಎತ್ತಿಕೊಳ್ಳುವ ಫಿಲ್ಟರ್ ಮೀಡಿಯಾ ದಿನಾ ರಾತ್ರಿ ಓಡುತ್ತಿದೆ, ಲಾಗ್‌ನಲ್ಲಿ ಎರರ್ ಇಲ್ಲ. ದೊಡ್ಡ ಲೈಬ್ರರಿ ಹತ್ತಿರ ಇಲ್ಲದ ಊರಲ್ಲಿ ಕೂತು ಪಿಎಚ್‌ಡಿ ಮಾಡುವವರಿಗೆ ಸಿಗಲಿ ಅಂತಲೇ ಇದನ್ನು ಮಾಡಿದ್ದು. ಎಲ್ಲಿ ಹುಡುಕಬೇಕು, ಯಾರಾದರೂ ಹೇಳಿ.

ಸುರತ್ಕಲ್ ಸರ್ವರ್

ಅಕ್ಕ, ಮೊದಲು ಒಂದು ಪರೀಕ್ಷೆ. ಆ ಪಿಡಿಎಫ್‌ನ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಏನು ಬರುತ್ತದೆ?

ಲೈಬ್ರರಿ ಅಕ್ಕ, ಉಡುಪಿ

ಕನ್ನಡ ಬರಲಿಲ್ಲ. ಪೌಂಡ್ ಗುರುತು, ತಲೆಯ ಮೇಲೆ ಗೆರೆ ಇರುವ ಇಂಗ್ಲಿಷ್ ‘ಎ’, ಹೀಗೆ ಏನೇನೋ. ಲೇಖನ ಮೊದಲು ಒಂದು ಸ್ಮರಣ ಸಂಚಿಕೆಯಲ್ಲಿ ಬಂದದ್ದು. ಪ್ರೆಸ್‌ನವರು ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದ್ದಂತೆ.

ಸುರತ್ಕಲ್ ಸರ್ವರ್

ಹಾಗಾದರೆ ಡಿಸ್ಪೇಸ್‌ನದ್ದು ತಪ್ಪಿಲ್ಲ. ಅದು ನುಡಿ ಅಥವಾ ಬರಹ ಎಂಬ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್. ಕನ್ನಡದ ಅಕ್ಷರಕ್ಕೆ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಇಂಗ್ಲಿಷ್ ಅಕ್ಷರ, ಗುರುತುಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿ ಈ ಫಾಂಟ್‌ಗಳನ್ನು ಮಾಡಿದ್ದರು. ಆ ಕಾಲಕ್ಕೆ ಅದರಿಂದ ತುಂಬ ಉಪಕಾರವಾಯಿತು. ಆದರೆ ಫೈಲ್ ಒಳಗೆ ಕೂತಿರುವುದು ‘ನ’ ಅಲ್ಲ, ಪೌಂಡ್ ಗುರುತು. ಫಾಂಟ್ ಅದನ್ನು ‘ನ’ದ ಹಾಗೆ ತೋರಿಸುತ್ತದೆ, ಅಷ್ಟೇ. ಫಿಲ್ಟರ್ ಮೀಡಿಯಾ ಫಾಂಟ್ ನೋಡುವುದಿಲ್ಲ, ಒಳಗಿನ ಸಂಕೇತಗಳನ್ನು ಎತ್ತಿಕೊಂಡು ಸೂಚಿಗೆ ಸೇರಿಸುತ್ತದೆ. ಎರರ್ ಬರಲಿಕ್ಕೆ ಕಾರಣವೇ ಇಲ್ಲ. ಶೀರ್ಷಿಕೆ ಸಿಗುವುದು ನೀವು ಅದನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರಿಂದ.

ಎರಡು ದಾರಿ ಉಂಟು. ಮೇಡಂ ಹತ್ತಿರ ಮೂಲ ವರ್ಡ್ ಫೈಲ್ ಇದ್ದರೆ ಯೂನಿಕೋಡ್‌ಗೆ ಪರಿವರ್ತನೆ ಮಾಡಿ. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ. ಮೂಲ ಸಿಗದಿದ್ದರೆ ಓಸಿಆರ್, ಅಂದರೆ ಪುಟದ ಚಿತ್ರ ನೋಡಿ ಅಕ್ಷರ ಗುರುತಿಸುವುದು. ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶಕ್ಕೆ ಕನ್ನಡದ ಡೇಟಾ ಉಚಿತವಾಗಿ ಸಿಗುತ್ತದೆ. ಓಸಿಆರ್‌ಮೈಪಿಡಿಎಫ್ ಎಂಬ ಸಾಧನ ಅದನ್ನು ಬಳಸಿ ಪುಟದ ಹಿಂದೆ ಕಾಣದ ಪಠ್ಯದ ಪದರ ಸೇರಿಸುತ್ತದೆ.

ಕೊಣಾಜೆ ಕನ್ನಡ

ಮೂಲ ಫೈಲ್ ಸಿಕ್ಕರೆ ಅದೇ ಒಳ್ಳೆಯದು, ಆದರೆ ಪರಿವರ್ತನೆ ಆದ ಮೇಲೆ ಒಮ್ಮೆ ಓದಿ. ಆಸ್ಕಿ ಫಾಂಟ್‌ನಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಹೊಡೆಯುತ್ತಾರೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಎಡವುವುದು ಹೆಚ್ಚಾಗಿ ಇಲ್ಲಿ. ಧರ್ಮ, ಕಾರ್ಯ, ವರ್ಷ, ಸರ್ಪ, ಇಂಥ ಪದಗಳನ್ನು ಮೊದಲು ನೋಡಿ. ನಾಗನ ಲೇಖನದಲ್ಲಿ ‘ಸರ್ಪ’ ತಪ್ಪಿದರೆ ಅರ್ಧ ಲೇಖನ ಕಳೆದುಹೋದ ಹಾಗೆ.

ಇನ್ನೊಂದು. ಹೊಸದಾಗಿ ಪುಟ ಕಟ್ಟಿದ ಪಿಡಿಎಫ್ ಮಾತ್ರ ಹಾಕಬೇಡಿ. ಪುಟ ಸಂಖ್ಯೆ ಬದಲಾಗುತ್ತದೆ. ಉಲ್ಲೇಖ ಕೊಡುವವರಿಗೆ ಅಚ್ಚಾದ ಪುಟವೇ ಬೇಕು. ಅಚ್ಚಿನ ಪ್ರತಿ, ಯೂನಿಕೋಡ್ ಪ್ರತಿ ಎರಡನ್ನೂ ಒಂದೇ ದಾಖಲೆಯಲ್ಲಿ ಇಡಿ. ಒಂದು ಉಲ್ಲೇಖಕ್ಕೆ, ಒಂದು ಹುಡುಕಾಟಕ್ಕೆ. ದೃಷ್ಟಿ ಇಲ್ಲದವರು ಸ್ಕ್ರೀನ್ ರೀಡರ್‌ನಲ್ಲಿ ಕೇಳುವುದಕ್ಕೂ ಯೂನಿಕೋಡ್ ಪ್ರತಿಯೇ ಬೇಕು. ಈ ಮಾತು ಲೈಬ್ರರಿಗಳಲ್ಲಿ ಯಾರೂ ಎತ್ತುವುದಿಲ್ಲ, ನನಗೆ ಅದು ತುಂಬ ಬೇಸರ.

ಲೈಬ್ರರಿ ಅಕ್ಕ, ಉಡುಪಿ

ಇಬ್ಬರಿಗೂ ಧನ್ಯವಾದ. ಮೇಡಂ ಹತ್ತಿರ ಕೆಲವು ಲೇಖನಗಳ ವರ್ಡ್ ಫೈಲ್ ಸಿಕ್ಕಿತು. ಉಳಿದವಕ್ಕೆ ಓಸಿಆರ್ ಮಾಡಲು ಹೋದರೆ ‘ಪುಟದಲ್ಲಿ ಈಗಾಗಲೇ ಪಠ್ಯ ಇದೆ’ ಅಂತ ಹೇಳಿ ನಿಂತುಬಿಡುತ್ತದೆ. ಬರೀ ಸ್ಕ್ಯಾನ್ ಮಾಡಿದ ಹಳೆಯ ಲೇಖನಗಳಿಗೆ ಈ ತೊಂದರೆ ಇಲ್ಲ.

ಸುರತ್ಕಲ್ ಸರ್ವರ್

ಹೌದು, ಆ ಆಸ್ಕಿ ಪಠ್ಯವನ್ನೇ ಅದು ನಿಜವಾದ ಪಠ್ಯ ಅಂದುಕೊಳ್ಳುತ್ತದೆ. ಫೋರ್ಸ್ ಓಸಿಆರ್ ಎಂಬ ಆಯ್ಕೆ ಕೊಡಿ. ಪ್ರತಿ ಪುಟವನ್ನು ಚಿತ್ರ ಮಾಡಿ, ಹಳೆಯ ಪಠ್ಯ ಬಿಸಾಡಿ, ಹೊಸದಾಗಿ ಓದುತ್ತದೆ. ಭಾಷೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ಕೊಡಿ, ಅಡಿಟಿಪ್ಪಣಿಯಲ್ಲಿ ಇಂಗ್ಲಿಷ್ ಇರುತ್ತದಲ್ವಾ. ಹೊಸದಾಗಿ ಸ್ಕ್ಯಾನ್ ಮಾಡುವುದಿದ್ದರೆ 300 ಡಿಪಿಐಗೆ ಕಡಿಮೆ ಬೇಡ. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪು ಬರುತ್ತದೆ. ಹುಡುಕಾಟಕ್ಕೆ ಅಷ್ಟು ಸಾಕು. ಒಂದು ಪದ ಲೇಖನದಲ್ಲಿ ಹತ್ತು ಕಡೆ ಬಂದಿದ್ದರೆ ಒಂದು ಕಡೆಯಾದರೂ ಸರಿಯಾಗಿ ಓದಿರುತ್ತದೆ.

ಫೈಲ್ ಬದಲಾಯಿಸಿದ ಮೇಲೆ ಫಿಲ್ಟರ್ ಮೀಡಿಯಾವನ್ನು ಫೋರ್ಸ್ ಆಯ್ಕೆಯೊಂದಿಗೆ ಮತ್ತೆ ಓಡಿಸಿ. ಇಲ್ಲದಿದ್ದರೆ ಮೊದಲೇ ಎತ್ತಿಟ್ಟ ಪಠ್ಯವನ್ನೇ ಇಟ್ಟುಕೊಂಡು ಮುಂದೆ ಹೋಗಬಹುದು. ಆಮೇಲೆ ಹುಡುಕಾಟದ ಸೂಚಿಯನ್ನು ಹೊಸದು ಮಾಡುವ ಇಂಡೆಕ್ಸ್ ಡಿಸ್ಕವರಿ ಓಡಿಸಿ. ಮಹಾಪ್ರಬಂಧಗಳೂ ಇದ್ದರೆ ಇನ್ನೊಂದು ಸೆಟ್ಟಿಂಗ್ ನೋಡಿ. ಡಿಸ್ಪೇಸ್ 7 ಸಾಮಾನ್ಯವಾಗಿ ಒಂದು ಫೈಲ್‌ನಿಂದ ಮೊದಲ 1,00,000 ಅಕ್ಷರ ಮಾತ್ರ ಎತ್ತಿಕೊಳ್ಳುತ್ತದೆ. ಟೆಕ್ಸ್ಟ್ ಎಕ್ಸ್‌ಟ್ರಾಕ್ಟರ್‌ನ ಮ್ಯಾಕ್ಸ್ ಚಾರ್ಸ್ ಎಂಬಲ್ಲಿ ಅದನ್ನು ಏರಿಸಬಹುದು.

ಕೊಣಾಜೆ ಕನ್ನಡ

ಹುಡುಕುವವರಿಗೂ ಒಂದು ಸೂಚನೆ ಬರೆದು ಪುಟದ ಮೇಲೆ ಹಾಕಿ ಅಕ್ಕ. ಡಿಸ್ಪೇಸ್‌ಗೆ ಕನ್ನಡದ ವಿಭಕ್ತಿ ಬಿಡಿಸಲು ಬರುವುದಿಲ್ಲ. ‘ಪಾಡ್ದನ’ ಅಂತ ಕೊಟ್ಟರೆ ‘ಪಾಡ್ದನದಲ್ಲಿ’, ‘ಪಾಡ್ದನಗಳು’ ಬರುವುದಿಲ್ಲ. ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ ‘ಪಾಡ್ದನ*’ ಅಂದರೆ ಎಲ್ಲ ಬರುತ್ತವೆ. ಉಕಾರದಲ್ಲಿ ಮುಗಿಯುವ ಪದಕ್ಕೆ ಉಕಾರ ತೆಗೆದು ನಕ್ಷತ್ರ ಹಾಕಬೇಕು. ‘ಗುತ್ತು’ ಎಂಬುದು ‘ಗುತ್ತಿನ’ ಆದಾಗ ಉಕಾರ ಉಳಿಯುವುದಿಲ್ಲ, ಹಾಗಾಗಿ ‘ಗುತ್ತ*’.

ತುಳು ಲೇಖನಗಳಿದ್ದರೆ ಭಾಷೆಯ ಜಾಗದಲ್ಲಿ ಕನ್ನಡ ಅಂತ ಹಾಕಬೇಡಿ. ತುಳುವಿಗೆ ತನ್ನದೇ ಐಎಸ್ಒ ಸಂಕೇತ ಉಂಟು: ಟಿ-ಸಿ-ವೈ. ಡಿಸ್ಪೇಸ್‌ನ ಭಾಷಾಪಟ್ಟಿಯಲ್ಲಿ ಅದು ಇರುವುದಿಲ್ಲ, ಸಬ್‌ಮಿಷನ್ ಫಾರ್ಮ್ಸ್ ಫೈಲ್‌ನಲ್ಲಿ ಸೇರಿಸಬೇಕು. ತುಳು ಕೆಲಸ ಹುಡುಕುವವರಿಗೆ ಒಂದೇ ಕಡೆ ಎಲ್ಲ ಸಿಗುವ ಹಾಗೆ ಆಗುತ್ತದೆ.

ಮಣಿಪಾಲದ ಸಂಶೋಧಕ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಮೊದಲೇ ಅಚ್ಚಾದ ಲೇಖನವನ್ನು ಹೀಗೆ ಹಾಕಬಹುದಾ? ನನ್ನದು ಒಂದು ವಿದೇಶಿ ಪತ್ರಿಕೆಯಲ್ಲಿ ಬಂದಿದೆ. ನಮ್ಮ ಗೈಡ್ ಬೇಡ, ತೊಂದರೆ ಆಗಬಹುದು ಅಂತಾರೆ. ಈಗ ಪತ್ರಿಕೆಗಳಿಗೆ ಸರ್ಕಾರವೇ ಚಂದಾ ಕಟ್ಟುವ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಬಂದಿರುವಾಗ ಇದು ಬೇಕಾ ಅಂತಲೂ ಕೇಳಿದರು.

ಹಂಪನಕಟ್ಟೆ ಓದುಗ

ನಾನು ಲೈಬ್ರರಿ ಕೆಲಸದಿಂದ ನಿವೃತ್ತ. ಇದಕ್ಕೆ ಸ್ವಲ್ಪ ಉದ್ದವಾಗಿ ಉತ್ತರಿಸುತ್ತೇನೆ. ಹೆದರಿಕೆಯಿಂದಲೇ ಎಷ್ಟೋ ಒಳ್ಳೆಯ ಕೆಲಸ ಕಪಾಟಿನಲ್ಲಿ ಉಳಿದುಬಿಟ್ಟಿದೆ.

ವಿದೇಶಿ ಪತ್ರಿಕೆಯ ಲೇಖನಕ್ಕೆ ಮೂರು ಪ್ರತಿ ಇರುತ್ತವೆ. ನೀವು ಮೊದಲು ಕಳಿಸಿದ್ದು. ವಿಮರ್ಶಕರು ಹೇಳಿದಂತೆ ತಿದ್ದಿ, ಪತ್ರಿಕೆ ಒಪ್ಪಿಕೊಂಡದ್ದು. ಆಮೇಲೆ ಪ್ರಕಾಶಕರು ಪುಟ ಕಟ್ಟಿ ಲೋಗೋ ಹಾಕಿದ್ದು. ತುಂಬ ಪ್ರಕಾಶಕರು ಎರಡನೆಯದನ್ನು ನಿಮ್ಮ ಸಂಸ್ಥೆಯ ರೆಪಾಸಿಟರಿಯಲ್ಲಿ ಇಡಲು ಬಿಡುತ್ತಾರೆ, ಕೆಲವರು ತಕ್ಷಣ, ಕೆಲವರು 12 ತಿಂಗಳೋ ಇನ್ನೂ ಜಾಸ್ತಿಯೋ ಕಳೆದ ಮೇಲೆ. ಮೂರನೆಯದನ್ನು ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ. ಜನ ಹಾಕುವುದು ಅದನ್ನೇ, ತೊಂದರೆ ಬರುವುದೂ ಅಲ್ಲಿಯೇ. ಪತ್ರಿಕೆಯ ಹೆಸರು ಕೊಟ್ಟರೆ ನಿಯಮ ತೋರಿಸುವ ಉಚಿತ ತಾಣ ಶೆರ್ಪಾ ರೋಮಿಯೋ, ಈಗ ಅದರ ಹೆಸರು ಓಪನ್ ಪಾಲಿಸಿ ಫೈಂಡರ್. ಕಾಯಬೇಕಾದ ಅವಧಿ ಇದ್ದರೆ ಡಿಸ್ಪೇಸ್‌ನಲ್ಲಿ ಫೈಲ್‌ಗೆ ಮಾತ್ರ ಬೀಗ ಹಾಕಿ ತಾರೀಕು ಕೊಡಬಹುದು. ಶೀರ್ಷಿಕೆ, ಸಾರಾಂಶ ಎಲ್ಲರಿಗೂ ಕಾಣುತ್ತವೆ. ಅಲ್ಲಿಯವರೆಗೆ ಓದಬೇಕಾದವರು ಲೇಖಕರಿಂದ ಪ್ರತಿ ಕೇಳಿಕೊಳ್ಳುವ ವ್ಯವಸ್ಥೆಯೂ ಇದೆ. ಹಾಗಾಗಿ ಒಪ್ಪಿಗೆಯ ಮಿಂಚಂಚೆ ಬಂದ ದಿನವೇ ಆ ಫೈಲನ್ನು ತೆಗೆದಿಡಿ. ವರ್ಷ ಕಳೆದರೆ ಸಹಲೇಖಕರ ಹತ್ತಿರವೂ ಇರುವುದಿಲ್ಲ.

ನಿಮ್ಮ ಕೆಲಸಕ್ಕೆ ಕೇಂದ್ರ ಸರ್ಕಾರದ ವಿಜ್ಞಾನ ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ) ಅಥವಾ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ದುಡ್ಡು ಬಂದಿದ್ದರೆ ಗೈಡ್‌ಗೆ 2014ರ ಡಿಸೆಂಬರ್‌ನ ಅವರ ಮುಕ್ತ ಪ್ರವೇಶ (ದುಡ್ಡಿಲ್ಲದೆ ಎಲ್ಲರಿಗೂ ಓದಲು ಸಿಗುವ) ನೀತಿ ತೋರಿಸಿ. ಒಪ್ಪಿಗೆಯಾದ ಪ್ರತಿಯನ್ನು ರೆಪಾಸಿಟರಿಗೆ ಹಾಕಬೇಕು ಅಂತಲೇ ಅದರಲ್ಲಿದೆ. ಬೇಡ ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ 2025ರ ಜನವರಿಯಲ್ಲಿ ಶುರುವಾಯಿತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳಿಗೆ, ಸಂಶೋಧಕರಿಗೆ ದೊಡ್ಡ ಸಹಾಯ. ಆದರೆ ಕಾರ್ಕಳದ ಹೈಸ್ಕೂಲ್ ಮೇಷ್ಟ್ರು, ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗಿ, ಮಲ್ಪೆಯಲ್ಲಿ ದೋಣಿ ಇಟ್ಟವರು, ಇವರು ಅದರೊಳಗೆ ಬರುವುದಿಲ್ಲ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೆ ಮಂಗಳೂರಿನಲ್ಲೂ ಕೇಂದ್ರ ಇದೆ. ಅವರ ಇಪ್ರಿಂಟ್ಸ್ ರೆಪಾಸಿಟರಿ ನೋಡಿ. ಬೂತಾಯಿ, ಬಂಗುಡೆ ಬಗ್ಗೆ ದಶಕಗಳ ಹಿಂದಿನ ಲೇಖನಗಳನ್ನೂ ಲಾಗಿನ್ ಇಲ್ಲದೆ ಮೊಬೈಲ್‌ನಲ್ಲಿ ಓದಬಹುದು. ಚಂದಾ ಕಟ್ಟಿ ಇದನ್ನು ಮಾಡಲು ಆಗುವುದಿಲ್ಲ. ಚಂದಾ ನಿಂತ ದಿನ ಬಾಗಿಲು ಮುಚ್ಚುತ್ತದೆ.

ಇನ್ನು ಅಕ್ಕನ ಸ್ಮರಣ ಸಂಚಿಕೆಯ ಲೇಖನ. ಇಂಥವು ಓಪನ್ ಪಾಲಿಸಿ ಫೈಂಡರ್‌ನಲ್ಲಿ ಸಿಗುವುದಿಲ್ಲ. ಆದರೆ ಲೇಖಕರ ಸ್ಥಿತಿ ಇಲ್ಲಿ ಗಟ್ಟಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಬಾಯಿಮಾತಿಗೆ ಬೆಲೆ ಇಲ್ಲ. ಬರೆದುಕೊಟ್ಟಿದ್ದರೂ ಅವಧಿ ಹೇಳದಿದ್ದರೆ ಅದು 5 ವರ್ಷಕ್ಕೆ ಅಂತಲೇ ಲೆಕ್ಕ. ಊರಿನ ಸ್ಮರಣ ಸಂಚಿಕೆಗೆ ಲೇಖನ ಕೊಡುವಾಗ ಯಾರೂ ಏನನ್ನೂ ಬರೆದುಕೊಡುವುದಿಲ್ಲ. ಅಂದರೆ ಹಕ್ಕು ಬರೆದವರ ಹತ್ತಿರವೇ ಇರುತ್ತದೆ. ಲೇಖಕರಿಂದ ಒಂದು ಒಪ್ಪಿಗೆ ಪತ್ರ ತೆಗೆದಿಡಿ, ಸಂಪಾದಕರಿಗೂ ಒಂದು ಮಾತು ತಿಳಿಸಿ. ಅದು ಮರ್ಯಾದೆ. ಸಂಚಿಕೆಯ ಹೆಸರು, ವರ್ಷ, ಪುಟ ಸರಿಯಾಗಿ ಬರೆಯಿರಿ.

ಮಣಿಪಾಲದ ಸಂಶೋಧಕ

ತುಂಬ ಉಪಕಾರವಾಯಿತು ಸರ್. ಡಿಎಸ್‌ಟಿ ಪ್ರಾಜೆಕ್ಟೇ ನಮ್ಮದು. ಒಪ್ಪಿಗೆಯಾದ ಪ್ರತಿ ಸಹಲೇಖಕರ ಹತ್ತಿರ ಉಂಟಂತೆ, ಕೇಳಿದ್ದೇನೆ. ಶೋಧಗಂಗಾಕ್ಕೆ ಲೇಖನ ಹಾಕಬಹುದಾ?

ಹಂಪನಕಟ್ಟೆ ಓದುಗ

ಇಲ್ಲ, ಅದು ಮಹಾಪ್ರಬಂಧಗಳಿಗೆ. ನಿಮ್ಮ ಥೀಸಿಸನ್ನು ವಿಶ್ವವಿದ್ಯಾಲಯದವರೇ ಅಲ್ಲಿಗೆ ಹಾಕುತ್ತಾರೆ. ಲೇಖನ ಸಂಸ್ಥೆಯ ರೆಪಾಸಿಟರಿಗೇ ಹೋಗಬೇಕು.

ಲೈಬ್ರರಿ ಅಕ್ಕ, ಉಡುಪಿ

ಎಲ್ಲರಿಗೂ ಕೈಮುಗಿಯುತ್ತೇನೆ. ‘ತಂಬಿಲ*’ ಅಂತ ಕೊಟ್ಟರೆ ಈಗ ಮೇಡಂ ಲೇಖನ ಬರುತ್ತದೆ. ಅದರ ಜೊತೆ ನಮಗೇ ಗೊತ್ತಿಲ್ಲದ, ಇನ್ನೊಬ್ಬ ಸರ್ ಹಳೆಯ ಲೇಖನವೂ ಬಂತು. ಆದರೆ ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಇಂಗ್ಲಿಷ್ ಲೇಖನಗಳೂ ಕಾಣುತ್ತಿಲ್ಲ. ಹೊರಗಿನವರು ನಮ್ಮ ಸೈಟಿಗೆ ಬಂದು ಹುಡುಕುವುದಿಲ್ಲ ಅಲ್ವಾ?

ಸುರತ್ಕಲ್ ಸರ್ವರ್

ಅದು ಮುಖ್ಯ ಪ್ರಶ್ನೆ. 2002ರ ಬುಡಾಪೆಸ್ಟ್ ಘೋಷಣೆಯಲ್ಲಿ ಮುಕ್ತ ಪ್ರವೇಶ ಅಂದರೆ ಏನು ಅಂತ ಹೇಳುವಾಗ ಓದುವುದು, ಇಳಿಸಿಕೊಳ್ಳುವುದರ ಜೊತೆ ಹುಡುಕುವುದು, ಯಂತ್ರಗಳು ಬಂದು ಸೂಚಿ ಮಾಡಿಕೊಳ್ಳುವುದು ಕೂಡ ಸೇರಿದೆ. ಸ್ಕಾಲರ್‌ಗೆ ಕಾಣದಿದ್ದರೆ ಬಾಗಿಲು ಅರ್ಧ ಮಾತ್ರ ತೆರೆದಂತೆ.

ಒಂದು ಲೇಖನದ ಪುಟದಲ್ಲಿ ವ್ಯೂ ಸೋರ್ಸ್ ತೆಗೆದು ‘ಸೈಟೇಷನ್ ಟೈಟಲ್’ ಎಂಬ ಟ್ಯಾಗ್ ಹುಡುಕಿ. ಇದೆಯಾ?

ಲೈಬ್ರರಿ ಅಕ್ಕ, ಉಡುಪಿ

ಇಲ್ಲ ಮಾರಾಯ್ರೆ. ನಾಲ್ಕು ಸಾಲು ಮಾತ್ರ ಉಂಟು. ಲೇಖನದ ಹೆಸರೂ ಇಲ್ಲ.

ಸುರತ್ಕಲ್ ಸರ್ವರ್

ಹಾಗಾದರೆ ಸರ್ವರ್ ಸೈಡ್ ರೆಂಡರಿಂಗ್ ಆಗುತ್ತಿಲ್ಲ. ಡಿಸ್ಪೇಸ್ 7ರಲ್ಲಿ ಪುಟ ಕಟ್ಟುವುದು ಆ್ಯಂಗ್ಯುಲರ್ ಎಂಬ ತಂತ್ರಾಂಶ. ಸರ್ವರ್ ಪೂರ್ತಿ ಪುಟ ಕಟ್ಟಿ ಕೊಡದಿದ್ದರೆ ಸ್ಕಾಲರ್‌ನ ಯಂತ್ರಕ್ಕೆ ಖಾಲಿ ಪುಟ ಸಿಗುತ್ತದೆ. ನಿಮ್ಮ ಕಂಪ್ಯೂಟರ್ ವಿಭಾಗದವರಿಗೆ ಎರಡು ವಿಷಯ ಕೇಳಿ. ಸೈಟ್ ಡೆವಲಪ್‌ಮೆಂಟ್ ಮೋಡ್‌ನಲ್ಲಿ ಓಡುತ್ತಿದೆಯಾ? ಹೌದಾದರೆ ಪ್ರೊಡಕ್ಷನ್ ಬಿಲ್ಡ್ ಮಾಡಿ ಓಡಿಸಬೇಕು. ಅಲ್ಲವಾದರೆ ಎಸ್ಎಸ್ಎಲ್ ಸರ್ಟಿಫಿಕೇಟ್ ನೋಡಬೇಕು. ನಡುವಿನ ಸರ್ಟಿಫಿಕೇಟ್ ಬಿಟ್ಟುಹೋಗಿದ್ದರೂ ಬ್ರೌಸರ್ ಸುಧಾರಿಸಿಕೊಳ್ಳುತ್ತದೆ, ಸರ್ವರ್‌ನಲ್ಲಿ ಪುಟ ಕಟ್ಟಿಸುವ ನೋಡ್ ಸುಧಾರಿಸಿಕೊಳ್ಳುವುದಿಲ್ಲ. ಮಾಹಿತಿ ಕೊಡುವ ಹಿಂಬದಿಯ ಸರ್ವರನ್ನು ನಂಬದೆ ಖಾಲಿ ಪುಟ ಕಳಿಸುತ್ತದೆ.

ಲೈಬ್ರರಿ ಅಕ್ಕ, ಉಡುಪಿ

ಸರ್ಟಿಫಿಕೇಟೇ! ನಡುವಿನದ್ದು ಹಾಕಿರಲಿಲ್ಲವಂತೆ. ಈಗ ಸೋರ್ಸ್‌ನಲ್ಲಿ ಶೀರ್ಷಿಕೆ, ಲೇಖಕರು, ವರ್ಷ ಎಲ್ಲ ಬರುತ್ತಿದೆ. ಪಿಡಿಎಫ್ ವಿಳಾಸ ಮಾತ್ರ ‘ಲೋಕಲ್‌ಹೋಸ್ಟ್ 4000’ ಅಂತ ತೋರಿಸುತ್ತದೆ.

ಸುರತ್ಕಲ್ ಸರ್ವರ್

ಅದು ಸರ್ವರ್ ಒಳಗಿನ ವಿಳಾಸ, ಹಾಗೆ ಬಿಟ್ಟರೆ ಸ್ಕಾಲರ್‌ಗೆ ಪಿಡಿಎಫ್ ಸಿಗುವುದಿಲ್ಲ. ಮುಂಬದಿಯಲ್ಲಿರುವ ಅಪಾಚೆ ವೆಬ್ ಸರ್ವರ್‌ನಿಂದ ನಿಜವಾದ ಹೋಸ್ಟ್ ಹೆಸರು ಮತ್ತು ಫಾರ್ವರ್ಡೆಡ್ ಪ್ರೋಟೋ ಹೆಡರ್ ಒಳಗೆ ಕಳಿಸಬೇಕು, ಡಿಸ್ಪೇಸ್ ಯುಐ ಕಾನ್ಫಿಗ್‌ನಲ್ಲಿ ಯೂಸ್ ಪ್ರಾಕ್ಸೀಸ್ ಟ್ರೂ ಇರಬೇಕು. ಇನ್ನೊಂದು, ಸ್ಕಾಲರ್ 5 ಎಂಬಿಗಿಂತ ದೊಡ್ಡ ಪಿಡಿಎಫ್ ತೆಗೆದುಕೊಳ್ಳುವುದಿಲ್ಲ. ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಸಂಚಿಕೆಗಳು ಸುಲಭವಾಗಿ ಅದನ್ನು ದಾಟುತ್ತವೆ. ಚಿತ್ರ ಇಲ್ಲದ ಪುಟಗಳನ್ನು ಕಪ್ಪು ಬಿಳುಪು ಮಾಡಿ. ಇಡೀ ಸಂಚಿಕೆಯನ್ನು ಒಂದೇ ಫೈಲ್ ಮಾಡದೆ ಒಂದೊಂದು ಲೇಖನ ಬೇರೆ ಬೇರೆ ದಾಖಲೆಯಾಗಿ ಹಾಕಿ. ಮೊದಲ ಪುಟದಲ್ಲಿ ಶೀರ್ಷಿಕೆ ದೊಡ್ಡ ಅಕ್ಷರದಲ್ಲಿ, ಕೆಳಗೆ ಲೇಖಕರ ಹೆಸರು ಇರಲಿ. ಆಮೇಲೆ ಕೆಲವು ವಾರ ಕಾಯಬೇಕು, ಅದರ ಯಂತ್ರ ತನ್ನ ಹೊತ್ತಿಗೆ ಬರುತ್ತದೆ.

ಕೊಣಾಜೆ ಕನ್ನಡ

ಅಕ್ಕ, ಕನ್ನಡ ಲೇಖನಗಳಿಗೆ ಇಂಗ್ಲಿಷಿನಲ್ಲಿ ಒಂದು ಸಣ್ಣ ಸಾರಾಂಶ, ಲಿಪ್ಯಂತರದ ಶೀರ್ಷಿಕೆಯೂ ಸೇರಿಸಿ. ಮೂಲ ಕನ್ನಡ ಶೀರ್ಷಿಕೆ ಮೊದಲು ಇರಲಿ, ಇದು ಪರ್ಯಾಯ ಶೀರ್ಷಿಕೆಯ ಜಾಗದಲ್ಲಿ. ನಮ್ಮ ವಿಭಾಗದ ಎರಡು ಹಳೆಯ ಸಂಚಿಕೆಗಳ ನುಡಿ ಫೈಲ್ ನನ್ನ ಹತ್ತಿರವೂ ಉಂಟು. ಲೇಖಕರ ಒಪ್ಪಿಗೆ ತೆಗೆದುಕೊಂಡು ಪರಿವರ್ತನೆ ಮಾಡಿ ಕಳಿಸುತ್ತೇನೆ, ಅರ್ಕಾವತ್ತು ನೋಡಿಯೇ.

ಲೈಬ್ರರಿ ಅಕ್ಕ, ಉಡುಪಿ

ಕಳಿಸಿ ಸರ್. ವಿಳಾಸ ಖಾಸಗಿ ಸಂದೇಶದಲ್ಲಿ ಹಾಕಿದ್ದೇನೆ. ತುಳುವಿನ ಸಂಕೇತವನ್ನು ಇವತ್ತು ಪಟ್ಟಿಗೆ ಸೇರಿಸಿ ಆಯಿತು.