ಗ್ರೀನ್‌ವಿಚ್ ಎಂಬ ಊರಿನ ಹೆಸರು: ಅರ್ಥವೇನು, ಉಚ್ಚಾರಣೆ ಹೇಗೆ?

ಪ್ರಶ್ನೆ:
ಕಾಲವಲಯಗಳನ್ನು ಕುರಿತು ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಅದನ್ನು ಮುಂದೆ ಧ್ವನಿಮುದ್ರಿಸುವ ಉದ್ದೇಶವೂ ಇರುವುದರಿಂದ ಉಚ್ಚಾರಣೆ ಸರಿಯಾಗಿರಬೇಕೆಂಬುದು ನನ್ನ ಆಸೆ. ಲಂಡನ್ನಿನ ಆಗ್ನೇಯದಲ್ಲಿ, ಥೇಮ್ಸ್ ನದಿಯ ದಡದಲ್ಲಿರುವ ಈ ಊರನ್ನು ನಾವೆಲ್ಲ ಗ್ರೀನ್‌ವಿಚ್ ಎಂದೇ ಓದಿ ಬೆಳೆದಿದ್ದೇವೆ. ಇಂಗ್ಲೆಂಡಿನವರ ಬಾಯಲ್ಲಿ ಮಾತ್ರ ಅದು ಗ್ರೆನಿಚ್ ಎಂದು ಕೇಳಿಸುತ್ತದೆ. ಈ ಹೆಸರಿನ ಅರ್ಥವೇನು, ಬರಹದಲ್ಲಿರುವ ದೀರ್ಘಸ್ವರವೂ ವಕಾರವೂ ಮಾತಿನಲ್ಲಿ ಏಕೆ ಇಲ್ಲ, ಕನ್ನಡದಲ್ಲಿ ಯಾವ ರೂಪವನ್ನು ಬಳಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1:
ನೀವು ಕೇಳಿಸಿಕೊಂಡದ್ದು ಸರಿಯಾಗಿದೆ. ಗ್ರೆನಿಚ್ ಎಂಬುದೇ ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಉಚ್ಚಾರಣೆ. ಗ್ರಿನಿಜ್ ಎನ್ನುವವರೂ ಇದ್ದಾರೆ. ಹೆಸರಿನ ಮೊದಲ ಭಾಗಕ್ಕೆ ಹಸಿರು ಎಂದೇ ಅರ್ಥ. ಎರಡನೆಯ ಭಾಗ ಲ್ಯಾಟಿನ್‌ನ ವೀಕುಸ್ ಎಂಬ ಪದದಿಂದ ಹಳೆಯ ಇಂಗ್ಲಿಷಿಗೆ ಬಂದದ್ದು. ವಸತಿ, ಹಟ್ಟಿ, ವ್ಯಾಪಾರದ ನೆಲೆ ಎಂಬ ಅರ್ಥಗಳಲ್ಲಿ ಅದು ಬಳಕೆಯಾಗುತ್ತಿತ್ತು. ನದಿಯ ದಡದ ಊರಾದ್ದರಿಂದ ಇಲ್ಲಿ ಹಸಿರು ನೆಲದ ವ್ಯಾಪಾರದ ನೆಲೆ ಅಥವಾ ಹಸಿರು ಬಂದರು ಎಂದು ಅರ್ಥ ಮಾಡುವುದು ವಾಡಿಕೆ. ಇಪ್ಸ್‌ವಿಚ್, ನಾರಿಚ್, ಹ್ಯಾರಿಚ್ ಮೊದಲಾದ ಹೆಸರುಗಳ ಕೊನೆಯಲ್ಲಿರುವುದೂ ಇದೇ ಪದ. ಮಾಟಗಾತಿ ಎಂಬ ಅರ್ಥದ ವಿಚ್ ಪದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಇನ್ನು ಧ್ವನಿಯ ವಿಷಯ. ಇಂಗ್ಲಿಷಿನಲ್ಲಿ ಎರಡು ಪದಗಳು ಸಮಾಸವಾಗಿ ಬೆಸೆದು ಒತ್ತು ಮೊದಲ ಭಾಗದ ಮೇಲೆ ಬಿದ್ದಾಗ, ಆ ಭಾಗದ ದೀರ್ಘಸ್ವರ ಹಲವು ಕಡೆ ಹ್ರಸ್ವವಾಗಿದೆ. ಕುರಿ ಎಂಬ ಅರ್ಥದ ಶೀಪ್ ಪದ ಕುರುಬ ಎಂಬ ಅರ್ಥದ ಶೆಪರ್ಡ್‌ನಲ್ಲಿ ಶೆಪ್ ಆಗಿರುವುದು ಇದೇ ಕ್ರಮದಲ್ಲಿ. ಒತ್ತಿಲ್ಲದ ಎರಡನೆಯ ಭಾಗದ ವಕಾರವೂ ಹಾಗೆಯೇ ಸವೆದುಹೋಗುತ್ತದೆ; ಲಂಡನ್ನಿನಲ್ಲೇ ಇರುವ ಸದರ್ಕ್ ಮತ್ತು ಚಿಸಿಕ್ ಎಂಬ ಹೆಸರುಗಳ ಬರಹದಲ್ಲಿ ಇಂದಿಗೂ ಆ ಅಕ್ಷರ ಉಳಿದಿದೆ, ಮಾತಿನಲ್ಲಿಲ್ಲ. ಆದರೆ ಇದನ್ನು ನಿಯಮವೆಂದು ಎಲ್ಲ ಕಡೆಯೂ ಹೇರುವಂತಿಲ್ಲ. ಇಪ್ಸ್‌ವಿಚ್‌ನಲ್ಲಿ ವಕಾರ ಸ್ಪಷ್ಟವಾಗಿಯೇ ಕೇಳಿಸುತ್ತದೆ. ಒಂದೊಂದು ಊರಿನ ಹೆಸರನ್ನೂ ಆ ಊರಿನವರ ಬಾಯಿಂದಲೇ ಕಲಿಯಬೇಕು.

ಪ್ರಶ್ನೆ ಕೇಳಿದವರು:
ತುಂಬ ಧನ್ಯವಾದಗಳು. ನ್ಯೂಯಾರ್ಕಿನಲ್ಲಿರುವ ಅದೇ ಹೆಸರಿನ ವಿಲೇಜ್ ಬಡಾವಣೆಗೂ ಇದೇ ಉಚ್ಚಾರಣೆಯೇ?

ಉತ್ತರ 2:
ಹೌದು, ಅದೂ ಗ್ರೆನಿಚ್ ವಿಲೇಜ್. ಕನೆಕ್ಟಿಕಟ್ ರಾಜ್ಯದಲ್ಲಿರುವ ಊರೂ ಗ್ರೆನಿಚ್ಚೇ.

ಕನ್ನಡದ ರೂಪದ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ನದಿಯ ಹೆಸರನ್ನು ಅಲ್ಲಿನವರು ಟೆಮ್ಸ್ ಎನ್ನುತ್ತಾರೆ. ನಾವು ಥೇಮ್ಸ್ ಎಂದು ಬರೆಯುತ್ತ ಬಂದಿದ್ದೇವೆ, ಅದು ಕನ್ನಡದಲ್ಲಿ ಬೇರೂರಿಯೂ ಬಿಟ್ಟಿದೆ. ಗ್ರೀನ್‌ವಿಚ್ ಎಂಬುದೂ ಹೀಗೆಯೇ ನೆಲೆಗೊಂಡ ರೂಪವಾದ್ದರಿಂದ ಅದನ್ನು ತಪ್ಪೆಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಆದರೂ ನಮ್ಮ ಲಿಪಿ ನುಡಿದಂತೆ ಬರೆಯಲು ಇಷ್ಟು ಅನುಕೂಲವಾಗಿರುವಾಗ, ಇಂಗ್ಲಿಷಿನ ಕಾಗುಣಿತದ ತೊಡಕನ್ನು ಕನ್ನಡದ ಓದುಗರ ಮೇಲೆ ಹೊರಿಸುವುದು ನ್ಯಾಯವಲ್ಲ. ಲೇಖನದಲ್ಲಿ ಮೊದಲ ಬಾರಿ ಗ್ರೆನಿಚ್, ಅಂದರೆ ರೂಢಿಯ ಗ್ರೀನ್‌ವಿಚ್, ಎಂದು ಬರೆದು, ಮುಂದೆ ಗ್ರೆನಿಚ್ ಎಂದೇ ಮುಂದುವರಿಸಿ. ಧ್ವನಿಮುದ್ರಣದಲ್ಲಂತೂ ಗ್ರೆನಿಚ್ ಎಂದೇ ಹೇಳಬೇಕು.

ಉತ್ತರ 3:
ಬಳಕೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಕಾಲವಲಯಗಳ ಲೇಖನದಲ್ಲಿ ಇದು ಮುಖ್ಯ. 1675ರಲ್ಲಿ ಅಲ್ಲಿ ರಾಜಮನೆತನದ ವೀಕ್ಷಣಾಲಯ ಸ್ಥಾಪನೆಯಾಯಿತು. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ 25 ದೇಶಗಳ ಸಮ್ಮೇಳನದಲ್ಲಿ 22 ದೇಶಗಳು ಆ ವೀಕ್ಷಣಾಲಯದ ಮೂಲಕ ಹಾದುಹೋಗುವ ರೇಖೆಯನ್ನೇ ಶೂನ್ಯ ರೇಖಾಂಶವೆಂದು ಒಪ್ಪಿದವು. ಅಂದಿನಿಂದ ಈ ಹೆಸರು ಊರಿಗಿಂತ ಹೆಚ್ಚಾಗಿ ಕಾಲಮಾನಕ್ಕೆ ಅಂಟಿಕೊಂಡಿದೆ. ಆದ್ದರಿಂದಲೇ ಗ್ರೆನಿಚ್ ಕಾಲವೆಂದರೆ ಆ ಊರಿನ ಗಡಿಯಾರದ ಸಮಯವೆಂದು ಅನೇಕರು ತಿಳಿಯುತ್ತಾರೆ. ಅದು ಚಳಿಗಾಲಕ್ಕೆ ಮಾತ್ರ ನಿಜ. ಮಾರ್ಚ್ ತಿಂಗಳ ಕೊನೆಯ ಭಾನುವಾರದಿಂದ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದವರೆಗೆ ಬ್ರಿಟನ್ನಿನ ಗಡಿಯಾರಗಳು ಒಂದು ಗಂಟೆ ಮುಂದಿರುತ್ತವೆ, ಆ ಊರಿನವೂ ಸೇರಿ. ಲೇಖನದಲ್ಲಿ ಲಂಡನ್ ಸಮಯ ಎಂಬುದನ್ನೂ ಗ್ರೆನಿಚ್ ಸರಾಸರಿ ಕಾಲ ಎಂಬುದನ್ನೂ ಒಂದರ ಬದಲು ಇನ್ನೊಂದಾಗಿ ಬಳಸದಿರಿ.