ಮನೆಯಲ್ಲೇ ಕಟ್ಟಿದ ಸೈಲೆನ್ಸರ್ ಪೈಪ್: ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಿರುಕು

ಬೈತಖೋಲ ಗಾಳಿ, ಕಾರವಾರ

ನಮಸ್ಕಾರ. ಗಾಡಿ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮನೆ ಸಮುದ್ರದ ಪಕ್ಕ. ಉಪ್ಪು ಗಾಳಿಗೆ ಹಳೇ ಸೈಲೆನ್ಸರ್ ಹಪ್ಪಳದ ಹಾಗೆ ಆಗಿತ್ತು, ಸ್ಕ್ರೂಡ್ರೈವರ್ ಒತ್ತಿದರೆ ಒಳಗೇ ಹೋಗುತ್ತಿತ್ತು. ಹಾಗಾಗಿ ಹೊಗೆ ಶುದ್ಧ ಮಾಡುವ ಕನ್ವರ್ಟರ್ ಮುಟ್ಟದೆ, ಅದರ ಹಿಂದಿನಿಂದ ಕೊನೆವರೆಗೆ ನಾನೇ ಹೊಸದು ಕಟ್ಟಿದೆ. ಎರಡು ಇಂಚಿನ 304 ಸ್ಟೇನ್‌ಲೆಸ್ ಪೈಪ್, 1.5 ಮಿ.ಮೀ. ದಪ್ಪ. ಮುಂದಿನ ಫ್ಲ್ಯಾಂಜ್ (ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆ) ಮಾತ್ರ ಸಾದಾ ಕಬ್ಬಿಣದ್ದು. ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮಷೀನು, ಅಂಗಡಿಯಲ್ಲಿ ಸಿಕ್ಕ ಸಾಮಾನ್ಯ 6013 ರಾಡ್.

ಮೂರು ವಾರ ಚೆನ್ನಾಗಿತ್ತು. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಟಿಕ್. ಬಿಸಿಯಾದ ಮೇಲೆ ಕಡಿಮೆ. ಆಕ್ಸಿಲರೇಟರ್ ಬಿಟ್ಟರೆ ಹಿಂದೆ ಪಟಪಟ ಅನ್ನುತ್ತದೆ. ಫ್ಲ್ಯಾಂಜಿನ ಹತ್ತಿರ ಬಿರುಕು ಕಂಡು ಅದರ ಮೇಲೇ ಇನ್ನೊಂದು ಸುತ್ತು ಹೊಡೆದೆ. ಹತ್ತು ದಿನಕ್ಕೆ ಮತ್ತೆ ಅಲ್ಲೇ ಬಿಟ್ಟಿತು. ಒಬ್ಬ ಮೆಕ್ಯಾನಿಕ್ ಆಕ್ಸಿಜನ್ ಸೆನ್ಸರ್ ಬದಲಿಸಿ ಅಂದರು. ಡ್ಯಾಶ್‌ಬೋರ್ಡಲ್ಲಿ ಲೈಟ್ ಏನೂ ಬಂದಿಲ್ಲ.

ಕುಮಟಾ ಕ್ರಾಸ್

ದಪ್ಪ ರಾಡ್ ತಗೊಂಡು ಆಂಪ್ಸ್ ಏರಿಸಿ ಎರಡು ಸುತ್ತು ಹೊಡೀರಿ ಮಾರಾಯ್ರೆ. ನಮ್ಮ ಟೆಂಪೋದ್ದು ಹಾಗೇ ಮಾಡಿದ್ದು, ನಾಲ್ಕು ವರ್ಷ ಆಯ್ತು.

ಶಿರಸಿ ಶೆಡ್

ಬೇಡ. ಟೆಂಪೋ ಪೈಪ್ ದಪ್ಪ ಇರುತ್ತದೆ. 1.5 ಮಿ.ಮೀ.ಗೆ ದಪ್ಪ ರಾಡ್ ಹಿಡಿದರೆ ತೂತು ಬೀಳುತ್ತದೆ ಅಷ್ಟೇ.

ಸೆನ್ಸರಿಗೂ ಸದ್ಯ ದುಡ್ಡು ಹಾಕಬೇಡಿ. ಲೀಕ್ ಇರುವುದು ಕನ್ವರ್ಟರಿನ ಹಿಂದೆ, ಲೈಟೂ ಬಂದಿಲ್ಲ. ತಣ್ಣಗಿದ್ದಾಗ ಜೋರು, ಬಿಸಿಯಾದಾಗ ಕಡಿಮೆ ಅಂದರೆ ಪೈಪ್ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತಿದೆ. ಆ ಪಟಪಟವೂ ಬಿರುಕಿನಿಂದ ಗಾಳಿ ಒಳಗೆ ಎಳೆದುಕೊಂಡು, ಉಳಿದ ಪೆಟ್ರೋಲ್ ಅಲ್ಲೇ ಸುಡುವ ಸದ್ದು.

ಎರಡು ವಿಷಯ ಹೇಳಿ. ಬಿರುಕು ವೆಲ್ಡಿನ ಮೇಲಿದೆಯಾ, ಅಂಚಿನಲ್ಲಿದೆಯಾ? ಮುಂದೆ ಬಳುಕುವ ಜಾಲರಿ ಪೈಪ್ ಇದೆಯಾ? ಹಿಂದೆ ಹೇಗೆ ತೂಗು ಹಾಕಿದ್ದೀರಿ?

ಬೈತಖೋಲ ಗಾಳಿ

ಎರಡು ಅಂದು ಮೂರು ಕೇಳಿದ್ರಿ! ಬಿರುಕು ವೆಲ್ಡಿನ ಅಂಚಿಗೇ, ಪೈಪಿನ ಕಡೆ. ಕೂದಲಿನಷ್ಟು ಸಣ್ಣ, ಸುತ್ತ ಕಪ್ಪು ಮಸಿ. ಜಾಲರಿ ಪೈಪ್ ಹಳೇದರಲ್ಲಿತ್ತು, ಹರಿದಿತ್ತು, ಬಿಸಾಡಿದೆ. ಹಿಂದಿನ ರಬ್ಬರ್ ಸಿಗಲಿಲ್ಲ ಅಂತ ಕಬ್ಬಿಣದ ಪಟ್ಟಿ ಹಾಕಿ ಬಾಡಿಗೆ ಬೋಲ್ಟ್ ಮಾಡಿದ್ದೇನೆ. ಅಲುಗಾಡುವುದೇ ಇಲ್ಲ, ಗಟ್ಟಿ ಇದೆ.

ಶಿರಸಿ ಶೆಡ್

ಆ ಗಟ್ಟಿತನವೇ ರೋಗ ಮಾರಾಯ್ರೆ.

ನಿಮ್ಮ ಎಂಜಿನ್ ಅಡ್ಡ ಕೂತದ್ದು. ಬಾನೆಟ್ ಎತ್ತಿ, ಯಾರಿಗಾದರೂ ರೇಸ್ ಕೊಡಲಿಕ್ಕೆ ಹೇಳಿ ನೋಡಿ. ಫೌಂಡೇಶನ್ ರಬ್ಬರಿನ ಮೇಲೆ ಎಂಜಿನ್ ಹಿಂದೆ ಮುಂದೆ ತೊನೆಯುತ್ತದೆ. ಮೊದಲು ಆ ತೊನೆತವನ್ನು ಜಾಲರಿ ಪೈಪ್ ನುಂಗುತ್ತಿತ್ತು. ಈಗ ಅಷ್ಟೂ ನಿಮ್ಮ ಮೊದಲ ವೆಲ್ಡಿಗೆ ಬೀಳುತ್ತಿದೆ. ಮೇಲಿಂದ 304 ಬಿಸಿಗೆ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ. 3 ಮೀಟರ್ ಪೈಪ್ 200 ಡಿಗ್ರಿ ಬಿಸಿ ಏರಿದರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಉದ್ದ ಆಗುತ್ತದೆ. ಮುಂದೆ ಎಂಜಿನ್, ಹಿಂದೆ ಬೋಲ್ಟ್. ಆ ಸೆಂಟಿಮೀಟರ್ ಎಲ್ಲಿಗೆ ಹೋಗಬೇಕು?

ಎರಡನೇ ತಪ್ಪು ರಾಡಿನದು. 6013 ಸಾದಾ ಕಬ್ಬಿಣಕ್ಕೆ. ಸ್ಟೇನ್‌ಲೆಸ್ ಮೇಲೆ ಅದನ್ನು ಓಡಿಸಿದರೆ ವೆಲ್ಡ್ ಪೆಡಸಾಗುತ್ತದೆ, ತುಕ್ಕೂ ಹಿಡಿಯುತ್ತದೆ. ಕಬ್ಬಿಣಕ್ಕೆ ಸ್ಟೇನ್‌ಲೆಸ್ ಸೇರಿಸಲು 309ಎಲ್, 304ಕ್ಕೆ 304 ಸೇರಿಸಲು 308ಎಲ್. 2 ಮಿ.ಮೀ. ರಾಡ್ ಕೇಳಿ. 45 ಆಂಪ್ಸ್ ಆಸುಪಾಸಿನಲ್ಲಿ ಶುರು ಮಾಡಿ, ಮೊದಲು ತುಂಡು ಪೈಪಿನ ಮೇಲೆ ಕೈ ಪಳಗಿಸಿಕೊಳ್ಳಿ.

ಬಿರುಕಿನ ಮೇಲೆ ಮತ್ತೆ ವೆಲ್ಡ್ ಮಾಡಬೇಡಿ. ಹಳೇ ವೆಲ್ಡ್ ಸಮೇತ ಎರಡು ಸೆಂಟಿಮೀಟರ್ ಕತ್ತರಿಸಿ ತೆಗೆಯಿರಿ. ಗೆರೆ ನೇರ ಬರಬೇಕಾದರೆ ಹಳೇ ಕ್ಯಾಲೆಂಡರಿನ ಹಾಳೆ ಪೈಪಿಗೆ ಸುತ್ತಿ, ಅಂಚಿಗೆ ಅಂಚು ಕೂಡಿಸಿ, ಅದರ ಗುಂಟ ಮಾರ್ಕ್ ಮಾಡಿ. ಎರಡು ತುಂಡು ಇಟ್ಟಾಗ ನಡುವೆ ಬೆಳಕು ಕಾಣಬಾರದು. ಕಂಡರೆ ಉಜ್ಜಿ ಸರಿ ಮಾಡಿ, ವೆಲ್ಡಿನಿಂದ ತುಂಬಲು ಹೋಗಬೇಡಿ. ಸಾದಾ ಕಬ್ಬಿಣ ಕತ್ತರಿಸಿದ ವೀಲ್ ಇದಕ್ಕೆ ಬಳಸಬೇಡಿ. ಅದರ ಪುಡಿ ಅಂಟಿಕೊಂಡು ಸ್ಟೇನ್‌ಲೆಸ್‌ಗೂ ಕೆಂಪು ಚುಕ್ಕೆ ಬರುತ್ತದೆ.

ಗಾಡಿಯ ಕೆಳಗೆ ಬರೀ ಟ್ಯಾಕ್ ಹಾಕಿ, ಅಂದರೆ ಹಿಡಿದು ನಿಲ್ಲುವಷ್ಟು ಚುಕ್ಕೆ ವೆಲ್ಡ್. ಗಡಿಯಾರದ 12, 6, 3, 9 ಇದ್ದ ಹಾಗೆ ನಾಲ್ಕು ಕಡೆ. ಆಮೇಲೆ ಬಿಚ್ಚಿ ಮೇಜಿನ ಮೇಲೆ ಪೂರ್ತಿ ಮಾಡಿ. ಸ್ವಲ್ಪ ಇಲ್ಲಿ, ಸ್ವಲ್ಪ ಎದುರು ಬದಿ. ಒಂದೇ ಸಮ ಸುತ್ತಿದರೆ ಪೈಪ್ ಎಳೆದುಕೊಂಡು ಸೊಟ್ಟ ಆಗುತ್ತದೆ. ಫ್ಲ್ಯಾಂಜನ್ನು ದಪ್ಪ ಪ್ಲೇಟಿಗೆ ಬೋಲ್ಟ್ ಮಾಡಿಕೊಂಡು ವೆಲ್ಡ್ ಮಾಡಿ, ಇಲ್ಲದಿದ್ದರೆ ಬಾಗಿ ಪ್ಯಾಕಿಂಗ್ ಕೂರುವುದಿಲ್ಲ. ಕೆಳಗೆ ಟ್ಯಾಕ್ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅರ್ತ್ ಕ್ಲ್ಯಾಂಪ್ ವೆಲ್ಡಿನ ಪಕ್ಕದಲ್ಲೇ ಹಾಕಿ. ಪೆಟ್ರೋಲ್ ಟ್ಯಾಂಕ್ ಹತ್ತಿರ ಕಿಡಿ ಬೇಡವೇ ಬೇಡ.

ಮುಂದೆ ಹೊಸ ಜಾಲರಿ ಪೈಪ್, ಅದರ ಹಿಂದೆ ಹತ್ತಿರದಲ್ಲೇ ಪೈಪ್ ತೂಗಿ ಹಿಡಿಯುವ ಒಂದು ಹ್ಯಾಂಗರ್. ಜಾಲರಿ ಅಲುಗಾಟ ತಡೆಯುತ್ತದೆ, ಭಾರ ಹೊರುವುದಿಲ್ಲ. ಹಿಂದಿನ ಪಟ್ಟಿ ತೆಗೆದು ರಬ್ಬರ್ ಹಾಕಿ.

ಅಂದ ಹಾಗೆ, ಗಾಡಿ ಯಾವುದರ ಮೇಲೆ ಎತ್ತಿದ್ದು?

ಬೈತಖೋಲ ಗಾಳಿ

ಜಾಕ್, ಪಕ್ಕಕ್ಕೆ ಎರಡು ಚಿರೆಕಲ್ಲು.

ಶಿರಸಿ ಶೆಡ್

ಇದೊಂದು ಮಾತು ಮಾತ್ರ ಬೈಗುಳ ಅಂತಲೇ ತಿಳಿಯಿರಿ. ಚಿರೆಕಲ್ಲು ಗೋಡೆಗೆ ಒಳ್ಳೇದು. ಒಂದೇ ಬಿಂದುವಿಗೆ ಭಾರ ಬಿದ್ದರೆ ಹೇಳದೆ ಕೇಳದೆ ಪುಡಿಯಾಗುತ್ತದೆ. ಕೆಳಗೆ ನೀವಿರುತ್ತೀರಿ. ಗಾಡಿ ಹೊರುವ ಸ್ಟ್ಯಾಂಡ್ ತನ್ನಿ.

ಕುಮಟಾ ಕ್ರಾಸ್

ನನ್ನ ಸಲಹೆ ವಾಪಸ್ 😄 ಒಂದು ಡೌಟು. ನನ್ನ ಕಾರಿನ ಸೈಲೆನ್ಸರ್ ಡಬ್ಬಿ ಹೊರಗೆ ಚೆನ್ನಾಗಿದ್ದೂ ಒಳಗಿಂದ ತೂತು ಬಿತ್ತಲ್ಲ, ಅದೆಂತಕ್ಕೆ?

ಶಿರಸಿ ಶೆಡ್

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡಿಸಿದರೆ ಆವಿಯಾಗಿ ಹೋಗುತ್ತದೆ. ಮನೆಯಿಂದ ಮೀನು ಮಾರ್ಕೆಟ್, ಮಾರ್ಕೆಟ್‌ನಿಂದ ಮನೆ ಅಂತ ಓಡಿಸಿದರೆ ಡಬ್ಬಿಯಲ್ಲೇ ನಿಲ್ಲುತ್ತದೆ. ಹೊಸ ಡಬ್ಬಿ ಹಾಕಿದಾಗ ತೀರಾ ಕೆಳಗಿನ ಜಾಗದಲ್ಲಿ 3 ಮಿ.ಮೀ. ತೂತು ಕೊರೆಯಿರಿ.

ಬೈತಖೋಲ ಗಾಳಿ

ಹನ್ನೊಂದು ದಿನ ಆಯ್ತು. ಜಾಲರಿ ಪೈಪ್, 309ಎಲ್, ರಬ್ಬರ್, ಸ್ಟ್ಯಾಂಡ್ ಎಲ್ಲಾ ಬಂತು. ತಣ್ಣಗಿದ್ದಾಗ ಜಾಯಿಂಟಿಗೆ ಸಾಬೂನು ನೀರು ಹಚ್ಚಿ, ಅಂಗಳದಲ್ಲೇ ಸ್ಟಾರ್ಟ್ ಮಾಡಿ, ಹಿಂದೆ ಒದ್ದೆ ಬಟ್ಟೆ ಒತ್ತಿ ಹಿಡಿದೆವು. ಒಂದು ಕಡೆ ಗುಳ್ಳೆ ಬಂತು, ಮತ್ತೆ ಬಿಚ್ಚಿ ಸರಿ ಮಾಡಿದೆ. ನಿನ್ನೆ ದೇವಿಮನೆ ಘಟ್ಟ ಹತ್ತಿ ನಿಮ್ಮ ಶಿರಸಿಗೇ ಬಂದು ಹೋದೆ. ಇಳಿಯುವಾಗ ಪಟಪಟ ಇಲ್ಲ, ಮಸಿಯೂ ಇಲ್ಲ.

ಹಂಪ್ ದಾಟುವಾಗ ಹಿಂದೆ ಟಕ್ ಅನ್ನುವುದು ಮಾತ್ರ ಹೊಸದು.

ಶಿರಸಿ ಶೆಡ್

ಬಂದವರು ಚಾ ಕುಡಿದು ಹೋಗಬಾರದಿತ್ತಾ? ಹಿಂದಿನ ಆಕ್ಸಲ್ಲಿಗೂ ಪೈಪಿಗೂ ನಡುವೆ ಎಷ್ಟು ಬೆರಳು ಹೋಗುತ್ತದೆ? ಎರಡಾದರೂ ಹೋಗಬೇಕು.

ಬೈತಖೋಲ ಗಾಳಿ

ಒಂದೇ. ಅದೂ ಕಿರುಬೆರಳು. ಭಾನುವಾರ ಹ್ಯಾಂಗರ್ ಬಗ್ಗಿಸುತ್ತೇನೆ.